ದಿವಾನಕ್ಕೂ ಟೀವಿಗೂ ನಡುವೆ ಒಂದು ಬೈಕು

ಸರೋಜಿನಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ, ದಿವಾನಕ್ಕೂ ಟೀವಿಗೂ ನಡುವೆ, ಹೆಚ್ಚುಕಡಿಮೆ ಒಂದು ವರ್ಷ ಕಾಲ ಒಂದು ಮೋಟಾರ್‌ಸೈಕಲ್ಲು ನಿಂತಿತ್ತು. ನಿಂತಿತ್ತು ಅನ್ನುವುದೂ ಸರಿಯಲ್ಲ. ಅದರ ಸ್ಟ್ಯಾಂಡುಗಳನ್ನು ಅಪ್ಪ ಬಿಚ್ಚಿ ಮಂಚದ ಕೆಳಗಿನ ಟ್ರಂಕಿಗೆ ಸೇರಿಸಿದ್ದರಿಂದ ಅದು ಅಮ್ಮನ ಬೀರುವಿಗೆ ಒರಗಿಕೊಂಡಿತ್ತು. ಸೀರೆ ಬೇಕಾದಾಗಲೆಲ್ಲ ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಟೀವಿಯ ಕಡೆಗೆ ವಾಲಿಸಬೇಕು, ನಾನು ಓಡಿಬಂದು ಆ ಬದಿಯಿಂದ ಹಿಡಿದುಕೊಳ್ಳಬೇಕು, ಆಮೇಲೆ ಅವಳು ಬಾಗಿಲು ತೆಗೆದು ಸೀರೆ ಆರಿಸಬೇಕು. ಸೀರೆ ಆರಿಸುವುದು ಅಮ್ಮನ ಮಟ್ಟಿಗೆ ಬೇಗ ಮುಗಿಯುವ ಕೆಲಸವಲ್ಲ. ಭಾರಕ್ಕೆ ನನ್ನ ಮೊಣಕೈ ನಡುಗುತ್ತಿರುವಾಗ ಹಸಿರು ಉಡಲೋ ನೀಲಿ ಉಡಲೋ ಎಂದು ನನ್ನನ್ನೇ ಕೇಳುತ್ತಿದ್ದಳು. ಆಗ ನನಗೆ ಹದಿಮೂರು. ಗೆಳತಿಯರ ಮನೆಯ ಮುಂದಿನ ಕೋಣೆಗಳಲ್ಲಿ ಅಕ್ವೇರಿಯಂ ಇತ್ತು, ಪ್ಲಾಸ್ಟಿಕ್ ಹೂವಿನ ಕುಂಡ ಇತ್ತು, ಒಬ್ಬಳ ಮನೆಯಲ್ಲಂತೂ ಹೊಸ ಕಂಪ್ಯೂಟರ್ ಇತ್ತು. ನಮ್ಮ ಮನೆಯಲ್ಲಿ ಹೆಡ್‌ಲೈಟಿಲ್ಲದ ಒಂದು ಬೈಕು. ರೋಸಿಹೋಗಿ ನಾನು ಯಾರನ್ನೂ ಮನೆಗೆ ಕರೆಯುವುದನ್ನೇ ಬಿಟ್ಟೆ.

ಅಪ್ಪ ಹುಚ್ಚುಚ್ಚಾಗಿ ಆಡುವ ಮನುಷ್ಯರಾಗಿದ್ದರೆ ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವರು ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಕರ್ಚೀಫಿಗೂ ಇಸ್ತ್ರಿ ಹಾಕಿಕೊಳ್ಳುವವರು. ಬೆಳಿಗ್ಗೆ ಐದಕ್ಕೆ ರಿಂಗ್ ರೋಡಿನಲ್ಲಿ ಒಂದು ನಾಯಿಯೂ ಇಲ್ಲದಾಗ ಕೆಂಪು ದೀಪ ಕಂಡರೆ ನಿಂತು, ಹಸಿರಾಗುವವರೆಗೆ ಗಾಡಿ ಆಫ್ ಮಾಡಿಕೊಂಡು ಕಾಯುವವರು. ತರಕಾರಿ ಭಯ್ಯಾ ಕೊತ್ತಂಬರಿ ಸೊಪ್ಪನ್ನು ಸುಮ್ಮನೆ ಹಾಕಿಕೊಟ್ಟರೆ ಅದು ಯಾವ ಲೆಕ್ಕದಲ್ಲಿ ಬಂತು ಎಂದು ಕೇಳುವವರು. ಇಂಥವರನ್ನು ಅವರ ಆಫೀಸಿನ ದೀಪಕ್ ಎಂಬ ಕಿರಿಯ ಸಹೋದ್ಯೋಗಿ ಒಂದು ಭಾನುವಾರ ಗುರ್‌ಗಾಂವ್ ಆಚೆಯ ಯಾವುದೋ ಟ್ರ್ಯಾಕಿಗೆ ಕರೆದುಕೊಂಡು ಹೋದ. ಅಲ್ಲಿ ಹುಡುಗರು ಮಾಮೂಲಿ ರಸ್ತೆ ಬೈಕುಗಳನ್ನೇ ಬಿಚ್ಚಿ, ಹಗುರ ಮಾಡಿ, ಸುತ್ತು ಹಾಕುತ್ತಿದ್ದರಂತೆ. ಅಪ್ಪ ಮನೆಗೆ ಬಂದು ಕೈಕಾಲು ತೊಳೆದು, ಊಟಕ್ಕೆ ಕೂತು, ಸಾರನ್ನಕ್ಕೆ ತುಪ್ಪ ಹಾಕಿಸಿಕೊಂಡು, ಆಫೀಸಿನ ವಿಷಯ ಹೇಳುವ ದನಿಯಲ್ಲೇ ಹೇಳಿದರು.

"ನಮ್ಮ ಬೈಕನ್ನೂ ಹಾಗೆ ಮಾಡೋಣ ಅಂತ ಇದೀನಿ."

"ಹಾಗೆ ಅಂದ್ರೆ ಹೇಗೆ?" ಅಮ್ಮ ಕೇಳಿದಳು.

"ಟ್ರ್ಯಾಕಲ್ಲಿ ಓಡ್ಸೋ ಹಾಗೆ. ಲೈಟು, ಹಾರನ್ನು, ಕನ್ನಡಿ ಏನೂ ಬೇಕಾಗಲ್ಲ ಅಲ್ಲಿ."

"ಮತ್ತೆ ರಸ್ತೇಲಿ?"

"ರಸ್ತೇಲಿ ಓಡ್ಸೋ ಹಾಗಿಲ್ಲ. ನಿಯಮಕ್ಕೆ ವಿರುದ್ಧ."

ಅಮ್ಮ ಸೌಟು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಅವರನ್ನು ನೋಡಿದಳು. ನಮಗಿದ್ದ ಗಾಡಿ ಅದೊಂದೇ. ಮೆಟ್ರೋ ಆಗಿನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ವಾರಕ್ಕೆ ಮೂರು ಸಂಜೆ ಅಮ್ಮ ಮುನಿರ್ಕಾದಲ್ಲಿ ಕೆಲವು ದಕ್ಷಿಣದವರ ಮಕ್ಕಳಿಗೆ ಸಂಗೀತ ಹೇಳಿಕೊಡಲು ಹೋಗುತ್ತಿದ್ದಳು, ಅಪ್ಪ ಆಫೀಸಿನಿಂದ ಬಂದವರೇ ಅವಳನ್ನು ಹಿಂದೆ ಕೂರಿಸಿಕೊಂಡು ಬಿಟ್ಟುಬರುತ್ತಿದ್ದರು. ಆ ಬೈಕನ್ನು ರಸ್ತೆಗೆ ಬರದ ಹಾಗೆ ಮಾಡುವುದಕ್ಕೆ ಅಪ್ಪ ಅಷ್ಟೊಂದು ಕಷ್ಟಪಡಬೇಕೇಕೆ, ಒಂದು ಕೊಡಲಿ ತಂದರೆ ಆಗುವುದಿಲ್ಲವೇ ಎಂದು ನನಗನ್ನಿಸಿತು. ಹಾಗಂದುಬಿಟ್ಟೆ ಕೂಡ. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಕಾಲೇಜಿನಲ್ಲಿದ್ದಾಗ ದಾವಣಗೆರೆಯಲ್ಲಿ ಮೈದಾನದ ಸುತ್ತ ಯಾರದೋ ಬೈಕನ್ನು ಓಡಿಸಿದ್ದೆ, ಆಮೇಲೆ ನೌಕರಿ ಬಂತು ಎಂದಷ್ಟೇ ಹೇಳಿ ಮೊಸರು ಕಲಸಿಕೊಂಡರು.

ಮೊದಲು ಬಿಚ್ಚಿದ್ದು ಸೀರೆ ಗಾರ್ಡು. ಹಿಂದೆ ಒಂದೇ ಬದಿಗೆ ಕಾಲಿಳಿಬಿಟ್ಟು ಕೂರುವವರ ಸೆರಗು ಚಕ್ರಕ್ಕೆ ಸಿಗದಿರಲೆಂದು ಹಾಕಿರುತ್ತಾರಲ್ಲ, ಆ ಕಂಬಿಯ ಚೌಕಟ್ಟು. ಅದರ ಹಿಂದೆಯೇ ಹಿಂದಿನವರು ಕಾಲಿಡುವ ಕಡ್ಡಿಗಳು, ಹಿಡಿದುಕೊಳ್ಳುವ ಹಿಡಿ, ಕೊನೆಗೆ ಸೀಟಿನ ಹಿಂದಿನ ಅರ್ಧ. ಮೊದಲು ಹೆಡ್‌ಲೈಟು ಬಿಚ್ಚಿದ್ದರೆ ಅಮ್ಮ ಸುಮ್ಮನಿರುತ್ತಿದ್ದಳೇನೋ. ತನ್ನ ಜಾಗವನ್ನು ಒಂದೊಂದೇ ತಿರುಪು ಸಡಿಲಿಸಿ ತೆಗೆದು ಟ್ರಂಕಿಗೆ ಹಾಕುವುದನ್ನು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

"ರೀ, ನಾನು ಕೂತ್ಕೊಳ್ಳೋದೆಲ್ಲಿ ಇನ್ನು?"

"ಟ್ರ್ಯಾಕಲ್ಲಿ ಹಿಂದೆ ಯಾರೂ ಕೂರೋ ಹಾಗಿಲ್ಲ ಶಾರದಾ."

"ನಾನು ಟ್ರ್ಯಾಕಿಗೆ ಹೋಗ್ತೀನಿ ಅಂದ್ನಾ? ಮುನಿರ್ಕಾಕ್ಕೆ ಹೋಗ್ಬೇಕು."

ಅಂದಿನಿಂದ ಅಮ್ಮ ಬಸ್ಸಿನಲ್ಲಿ ಹೋದಳು. ಬಸ್ಸಿಳಿದು ಬಂದವಳು ಶ್ರುತಿಪೆಟ್ಟಿಗೆಯ ಚೀಲವನ್ನು ಬೈಕಿನ ಮಿಕ್ಕ ಸೀಟಿನ ಮೇಲೆ ಸದ್ದಾಗುವ ಹಾಗೆ ಇಡುತ್ತಿದ್ದಳು. ಅಪ್ಪ ತುಟಿ ಪಿಟಕ್ಕೆನ್ನದೆ ಅದನ್ನು ತೆಗೆದು ದಿವಾನದ ಮೇಲಿಡುತ್ತಿದ್ದರು. ನಮ್ಮ ಮನೆಯ ಜಗಳಗಳು ಹಾಗೆಯೇ. ಮೇಲಿನ ಮಹಡಿಯ ಸರ್ದಾರ್ಣಿ ಆಂಟಿಯ ಮನೆಯಲ್ಲಿ ತಟ್ಟೆಗಳು ಹಾರುತ್ತಿದ್ದವು, ಸಂಜೆಯ ಹೊತ್ತಿಗೆ ಎಲ್ಲ ಮರೆತು ಗಾಜರ್ ಹಲ್ವಾ ಮಾಡುತ್ತಿದ್ದರು. ನಮ್ಮಲ್ಲಿ ಒಂದು ಚೀಲ ಎತ್ತಿಟ್ಟರೆ ಅದರ ಸದ್ದು ವಾರಗಟ್ಟಲೆ ಉಳಿಯುತ್ತಿತ್ತು.

ಚಳಿಗಾಲ ಬಂದ ಮೇಲೆ ನನ್ನ ಸರದಿ. ಬೈಕಿನ ಮುಂದಿನ ಗಾಳಿಮರೆಯನ್ನು ಅಪ್ಪ ಮನೆಯಲ್ಲೇ ಫೈಬರ್‌ಗ್ಲಾಸಿನಿಂದ ಎರಕ ಹೊಯ್ಯಲು ಹೊರಟರು. ಹಿತ್ತಿಲ ಅಂಗಳದಲ್ಲಿ ಮಣ್ಣಿನ ಅಚ್ಚು, ಅದರ ಮೇಲೆ ಬಟ್ಟೆಯಂಥ ಹಾಳೆಗಳು, ಆ ಹಾಳೆಗಳ ಮೇಲೆ ಬ್ರಶ್ಶಿನಲ್ಲಿ ಹಚ್ಚುವ ಜೇನಿನಂಥ ರೆಸಿನ್ನು. ಅದರ ವಾಸನೆ ಹಾಲಿಗೂ ಹತ್ತಿತು, ಹೆಪ್ಪು ಹಾಕಿದ ಮೊಸರಿಗೂ ಹತ್ತಿತು. ದೆಹಲಿಯ ಜನವರಿಯಲ್ಲಿ ಆ ರೆಸಿನ್ನು ಗಟ್ಟಿಯಾಗಲೊಲ್ಲದು. ಮೂರು ದಿನ ಕಳೆದರೂ ಮುಟ್ಟಿದರೆ ಅಂಟು. ಬಿಸಿ ಬೇಕು ಎಂದು ಅಪ್ಪ ಅದನ್ನು ಒಳಗೆ ತಂದರು, ರೂಮ್ ಹೀಟರಿನ ಮುಂದೆ ಇಟ್ಟರು, ಬಿಸಿ ಆರದಿರಲೆಂದು ಮೇಲೆ ರಜಾಯಿ ಹೊದಿಸಿದರು. ಯಾರ ರಜಾಯಿ? ನನ್ನದು. ನಾನು ಶಾಲೆಯಿಂದ ನಡುಗುತ್ತ ಬಂದು ನೋಡಿದರೆ ನನ್ನ ರಜಾಯಿಯೊಳಗೆ ಒಂದು ಫೈಬರಿನ ಮೂತಿ ಬೆಚ್ಚಗೆ ಮಲಗಿತ್ತು. ನಾನು ಎರಡು ಸ್ವೆಟರ್ ಹಾಕಿಕೊಂಡು ಅಮ್ಮನ ಪಕ್ಕ ಮಲಗಿ, ಅಪ್ಪನಿಗೆ ಕೇಳಿಸುವ ಹಾಗೆ ಹಿಂದಿಯಲ್ಲಿ ಬೈದೆ. ಕೋಪ ಬಂದರೆ ನನಗೆ ಹಿಂದಿಯೇ ಬರುತ್ತಿತ್ತು. ಕನ್ನಡದಲ್ಲಿ ನನಗೆ ಬೈಗುಳವನ್ನೇ ಯಾರೂ ಕಲಿಸಿರಲಿಲ್ಲ.

ಇಷ್ಟೇ ಆಗಿದ್ದರೆ ಇದು ತಲೆಚಿಟ್ಟಿನ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಆ ಮಾರ್ಚಿನಲ್ಲಿ ಎದುರಿನ ಬ್ಲಾಕಿನ ನಾಯರ್ ಅಂಕಲ್ ತೀರಿಕೊಂಡರು. ಬೆಳಿಗ್ಗೆ ಆಫೀಸಿನ ಬಸ್ಸಿಗೆ ಕಾಯುತ್ತ ನಿಂತವರು ಹಾಗೇ ಕುಸಿದರು, ಅಷ್ಟೆ. ಅವರ ಮಗಳು ಸ್ಮಿತಾ ನನ್ನ ಕ್ಲಾಸು, ನನ್ನದೇ ಬೆಂಚು. ಹದಿಮೂರು ದಿನ ಕಳೆದ ಮೇಲೆ ಅವಳು ಶಾಲೆಗೆ ಬಂದು, ಮನೆ ಬಿಡಬೇಕಂತೆ ಎಂದಳು. ಯಾಕೆ ಎಂದು ಕೇಳಿದೆ. ಪಪ್ಪಾ ಇಲ್ಲವಲ್ಲ ಎಂದಳು. ನಾನು ಹುಟ್ಟಿದ್ದು ಆ ಕಾಲೊನಿಯಲ್ಲಿ, ಆದರೂ ಅಲ್ಲಿಯವರೆಗೆ ನನಗೆ ಅರ್ಥವಾಗಿರಲಿಲ್ಲ. ಈ ಮನೆ ನಮ್ಮದಲ್ಲ, ಅಪ್ಪನದೂ ಅಲ್ಲ, ಅಪ್ಪನ ನೌಕರಿಯದು. ಅಪ್ಪ ಇರುವವರೆಗೆ ನೌಕರಿ, ನೌಕರಿ ಇರುವವರೆಗೆ ಗೋಡೆ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನಾಯರ್ ಮನೆಯ ಸಾಮಾನು ಲಾರಿಗೇರಿತು. ಸ್ಮಿತಾಳ ಅಕ್ವೇರಿಯಮ್ಮನ್ನು ಲಾರಿಯಲ್ಲಿ ಸಾಗಿಸುವಂತಿರಲಿಲ್ಲ. ನೀರು ಚೆಲ್ಲಿ, ಮೀನುಗಳನ್ನು ಯಾರಿಗೋ ಕೊಟ್ಟು, ಖಾಲಿ ಗಾಜಿನ ಪೆಟ್ಟಿಗೆಯನ್ನು ಮೆಟ್ಟಿಲ ಬಳಿಯೇ ಬಿಟ್ಟು ಅವರು ಪಾಲಕ್ಕಾಡಿಗೆ ಹೊರಟುಹೋದರು. ನಾನು ಒಳಗೆ ಬಂದು ಆ ಬೈಕನ್ನು ನೋಡಿದೆ. ಮೊದಲ ಸಲ ನನಗೆ ಅದರ ಮೇಲೆ ಸಿಟ್ಟಲ್ಲ, ಹೆದರಿಕೆ ಬಂತು. ನಮ್ಮ ಇಡೀ ಮನೆ ಇವರೊಬ್ಬರ ಮೈಮೂಳೆಯ ಮೇಲೆ ನಿಂತಿದೆ, ಇವರು ಅದನ್ನು ತೆಗೆದುಕೊಂಡು ಹೋಗಿ ಟಾರು ರಸ್ತೆಯ ಮೇಲೆ ಉರುಳಿಸಲು ತಿಂಗಳುಗಟ್ಟಲೆಯಿಂದ ತಯಾರಿ ನಡೆಸಿದ್ದಾರೆ.

ಅಮ್ಮನನ್ನು ಕೇಳಿದೆ. ಅವಳು ನೆನೆಸಿದ ಅವರೆಕಾಳು ಹಿಸುಕುತ್ತ ಕೂತಿದ್ದಳು.

"ಅಪ್ಪಂಗೆ ಏನಾದ್ರೂ ಆದ್ರೆ ನಾವೂ ಹೋಗ್ಬೇಕಾ?"

"ಬಿಡ್ತು ಅನ್ನು" ಎಂದಳು. ಸಿಪ್ಪೆಯನ್ನು ಕಾಳಿನ ಬೋಗುಣಿಗೂ ಕಾಳನ್ನು ಸಿಪ್ಪೆಯ ಬುಟ್ಟಿಗೂ ಹಾಕತೊಡಗಿದಳು.

ಆಮೇಲಿನ ತಿಂಗಳುಗಳಲ್ಲಿ ಅಮ್ಮನ ಜಗಳದ ರೀತಿ ಬದಲಾಯಿತು. ಚೀಲದ ಸದ್ದು ನಿಂತಿತು. ಅದರ ಬದಲು ಬೈಕಿನ ಬಗ್ಗೆ ಪ್ರಶ್ನೆಗಳು ಶುರುವಾದವು. ಇದು ಗಟ್ಟಿಯಾಗಿದೆಯಾ, ಅದು ಬಿದ್ದುಹೋಗಲ್ವಾ. ಟ್ರ್ಯಾಕಿನ ಮೇಲೆ ಎಣ್ಣೆ ಸೋರಬಾರದೆಂದು ಎಂಜಿನ್ನಿನ ಅಡಿಗೆ ಒಂದು ತಟ್ಟೆ ಕಟ್ಟಬೇಕಿತ್ತು. ಅಪ್ಪ ತಗಡು ಹುಡುಕುತ್ತಿದ್ದಾಗ ಹಿಟ್ಟು ಕಲಸುವ ಅಲ್ಯೂಮಿನಿಯಂ ಪರಾತವನ್ನು ಅಮ್ಮನೇ ತಂದು ಮುಂದಿಟ್ಟಳು. ಚಪಾತಿಗೆ ಏನು ಮಾಡ್ತೀಯ ಎಂದು ನಾನು ಕೇಳಿದ್ದಕ್ಕೆ ನನ್ನ ಮೇಲೇ ಹರಿಹಾಯ್ದಳು. ಬೋಲ್ಟುಗಳು ಅದುರಿ ಉದುರದಿರಲೆಂದು ಒಂದೊಂದರ ತಲೆಗೂ ತೂತು ಕೊರೆದು, ಸ್ಟೀಲಿನ ತಂತಿ ಪೋಣಿಸಿ, ಹುರಿ ಮಾಡಿ ಬಿಗಿಯಬೇಕು. ಅಪ್ಪ ಫೈಲಿಗೆ ದಾರ ಕಟ್ಟುವ ಹಾಗೆ ಕಟ್ಟುತ್ತಿದ್ದರು. ಅಮ್ಮ ಸ್ವಲ್ಪ ಹೊತ್ತು ನೋಡಿ, ಒಂದು ಮೊಳ ಹೂವನ್ನೂ ಕಟ್ಟಿದವರಲ್ಲ ನೀವು ಎಂದು ತಂತಿ ಕಿತ್ತುಕೊಂಡು ಒಂದನ್ನು ತಾನೇ ಬಿಗಿದಳು. ಬಿಗಿದವಳು ತನ್ನ ಮೇಲೇ ಸಿಟ್ಟು ಮಾಡಿಕೊಂಡು ಎದ್ದುಹೋದಳು. ಇವಳೂ ಅವರ ಕಡೆಗೆ ಸೇರಿಕೊಂಡಳು ಎಂದು ನಾನು ಮುಖ ಊದಿಸಿಕೊಂಡೆ. ಅವಳು ಯಾರ ಕಡೆಗೂ ಸೇರಿರಲಿಲ್ಲ. ತಡೆಯಲಾಗದ ಮೇಲೆ ಬೀಳದಂತಾದರೂ ನೋಡಿಕೊಳ್ಳೋಣ ಎಂದು ಹೊರಟಿದ್ದಳು.

ದಸರೆಯ ರಜೆಗೆ ಟ್ರ್ಯಾಕು ಗೊತ್ತಾಯಿತು. ಅದರ ಹಿಂದಿನ ದಿನ ಆಯುಧಪೂಜೆ, ಅಪ್ಪ ಅವತ್ತಿಗೂ ರಜೆ ಹಾಕಿದ್ದರು. ಅಮ್ಮನ ತವರು ತಿಪಟೂರು, ನಮ್ಮ ತಾತನದು ಅಲ್ಲಿ ಎಣ್ಣೆಯ ಗಾಣ. ಗಾಣದ ಮನೆಯಲ್ಲಿ ಆಯುಧಪೂಜೆಯೆಂದರೆ ಬರೀ ಅರಿಶಿನ ಕುಂಕುಮವಲ್ಲ. ಮನೆಯಲ್ಲಿರುವ ಕಬ್ಬಿಣವನ್ನೆಲ್ಲ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಬೇಕು. ವರ್ಷವಿಡೀ ದುಡಿದ ಕಬ್ಬಿಣಕ್ಕೆ ಅದು ಅಭ್ಯಂಜನ, ತುಕ್ಕು ಹತ್ತಿದ ಆಯುಧವನ್ನು ದೇವರ ಮುಂದೆ ಇಡುವಂತಿಲ್ಲ. ಊರಿನಿಂದ ಯಾರು ರೈಲಿನಲ್ಲಿ ಬಂದರೂ ತಾತ ಕಳಿಸುತ್ತಿದ್ದ ಎಣ್ಣೆಯಲ್ಲಿ ಒಂದು ಬಾಟಲಿ ಇದಕ್ಕೆಂದೇ ಇರುತ್ತಿತ್ತು. ಅವತ್ತು ಬೆಳಿಗ್ಗೆ ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ, ಅಪ್ಪನ ಸ್ಪ್ಯಾನರುಗಳು ಎಲ್ಲಕ್ಕೂ ಎಣ್ಣೆಯಾಯಿತು. ಬೈಕಿನ ಹತ್ತಿರ ಬಂದ ಅಮ್ಮ ನಿಂತುಬಿಟ್ಟಳು. ಹಿಂದಿನ ಸಂಜೆ ಅಪ್ಪ ಅದನ್ನು ಅಂಗಳದಲ್ಲಿ ಪೈಪು ಹಿಡಿದು ತೊಳೆದಿದ್ದರು. ಬೆಳಗಾಗುವುದರಲ್ಲಿ ಮುಂದಿನ ಚಕ್ರದ ಡಿಸ್ಕಿಗೆ, ಬ್ರೇಕು ಕಚ್ಚಿ ಹಿಡಿಯುವ ಆ ಉಕ್ಕಿನ ತಟ್ಟೆಗೆ, ತೆಳ್ಳಗೆ ಕೆಂಪು ತುಕ್ಕು ಹತ್ತಿತ್ತು.

"ನೋಡು ನಿಮ್ಮಪ್ಪನ ಕೆಲಸ. ವರ್ಷವೆಲ್ಲ ಇದರ ಸೇವೆ ಮಾಡಿ ಕೊನೇ ದಿನ ತುಕ್ಕು ಹಿಡಿಸಿದಾರೆ" ಎಂದಳು.

ಅಪ್ಪ ಸ್ನಾನಕ್ಕೆ ಹೋಗಿದ್ದರು. ಅಮ್ಮ ಬಟ್ಟೆಯ ತುಂಡನ್ನು ಎಣ್ಣೆಯಲ್ಲಿ ಅದ್ದಿ, ಡಿಸ್ಕಿನ ಎರಡೂ ಮುಖಕ್ಕೆ, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ, ಒಂದಿಷ್ಟೂ ಬಿಡದೆ ಸವರಿದಳು. ಸವರುತ್ತ ಮನಸ್ಸಿನಲ್ಲೇ ಏನೋ ಹೇಳಿಕೊಂಡಳು, ತುಟಿ ಮಾತ್ರ ಅಲ್ಲಾಡಿತು. ನಾನು ಪಕ್ಕದಲ್ಲೇ ಚೆಂಡುಹೂ ಪೋಣಿಸುತ್ತಿದ್ದೆ. ಡಿಸ್ಕು ಹೊಸ ಪಾತ್ರೆಯ ಹಾಗೆ ಹೊಳೆಯಿತು. ವರ್ಷವಿಡೀ ಊಟದ ಹೊತ್ತಿಗೆ ಬ್ರೇಕಿನ ವಿಷಯ ಕೇಳಿ ಕೇಳಿ ಕಿವಿ ತೂತಾಗಿದ್ದ ನಮ್ಮಿಬ್ಬರಿಗೂ, ಬ್ರೇಕು ಹಿಡಿಯುವುದೇ ಆ ತಟ್ಟೆಯ ಒರಟಿನಿಂದ ಎಂಬುದು ಹೊಳೆಯಲಿಲ್ಲ. ಅಪ್ಪ ಬಂದು ಮಂಗಳಾರತಿ ತೆಗೆದುಕೊಂಡರು. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಬೇಕಲ್ಲ, ಬೈಕನ್ನು ರಸ್ತೆಗೆ ಇಳಿಸುವಂತಿಲ್ಲ. ಮೂವರೂ ಸೇರಿ ದಿವಾನಕ್ಕೂ ಟೀವಿಗೂ ನಡುವೆಯೇ ಒಂದು ಮೊಳ ತಳ್ಳಿದೆವು. ಒಂದು ನಿಂಬೆ ಅಪ್ಪಚ್ಚಿಯಾಯಿತು, ಇನ್ನೊಂದು ಜಾರಿ ದಿವಾನದ ಕೆಳಗೆ ಹೋಯಿತು. ಅದನ್ನು ತೆಗೆಯಲು ಅಮ್ಮ ಪೊರಕೆ ಹಿಡಿದು ಮಧ್ಯಾಹ್ನದವರೆಗೆ ಒದ್ದಾಡಿದಳು. ಹಾಗೇ ಬಿಡಬಾರದು, ಒಳ್ಳೆಯದಲ್ಲ ಎಂದಳು.

ಮರುದಿನ ಬೆಳಿಗ್ಗೆ ಟೆಂಪೋ ಬಂತು. ದೀಪಕ್ ತನ್ನ ಬೈಕನ್ನೂ ಅದಕ್ಕೇ ಹತ್ತಿಸಿದ್ದ, ಅದೂ ನಮ್ಮದರ ಜಾತಿಯದೇ. ಕಾಲೊನಿಯ ಹುಡುಗರು ಮೈದಾನದಲ್ಲಿ ರಾವಣನ ಬೊಂಬೆಗೆ ಪಟಾಕಿ ತುಂಬುವುದನ್ನು ಬಿಟ್ಟು ನಮ್ಮನ್ನು ನೋಡಲು ಬಂದರು. ಓಡಿಸುವ ಗಾಡಿಯನ್ನು ಇನ್ನೊಂದು ಗಾಡಿಯ ಮೇಲೆ ಹೊತ್ತುಕೊಂಡು ಹೋಗುವುದನ್ನು ಕಂಡು ಸರ್ದಾರ್ಣಿ ಆಂಟಿ ಬಾಲ್ಕನಿಯಿಂದ, ಕೆಟ್ಟುಹೋಯಿತೇ ಎಂದು ಮರುಕದಿಂದ ಕೇಳಿದರು. ಇಲ್ಲ, ಈಗ ಸರಿಯಾಯಿತು ಎಂದು ಅಪ್ಪ ಮೇಲಕ್ಕೆ ನೋಡಿ ಉತ್ತರ ಕೊಟ್ಟರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಮ್ಮ ಚಿತ್ರಾನ್ನ, ಮೊಸರನ್ನ, ಹಿಂದಿನ ದಿನದ ಒಬ್ಬಟ್ಟು ಎಲ್ಲ ಕಟ್ಟಿಕೊಂಡು ತಾನೂ ಬರುತ್ತೇನೆ ಎಂದು ಡ್ರೈವರ್ ಭಯ್ಯಾನ ಪಕ್ಕ ಹತ್ತಿ ಕೂತಳು. ನನ್ನನ್ನು ಬಿಟ್ಟುಹೋಗುವಂತಿಲ್ಲ, ಎಳೆದುಕೊಂಡಳು.

ಆ ಟ್ರ್ಯಾಕು ಹೊಲಗಳ ನಡುವೆ ಟಾರು ಹಾಕಿದ ಅಂಕುಡೊಂಕು ದಾರಿ. ಮಕ್ಕಳ ಪುಟ್ಟ ಕಾರುಗಳಿಗೆಂದು ಮಾಡಿದ್ದನ್ನು ರಜೆಯ ಬೆಳಿಗ್ಗೆಗಳಲ್ಲಿ ಬೈಕಿನವರಿಗೆ ಬಿಡುತ್ತಿದ್ದರು. ಬಂದಿದ್ದವರೆಲ್ಲ ಇಪ್ಪತ್ತರ ಆಸುಪಾಸಿನವರು. ಅಪ್ಪನನ್ನು ಕಂಡು ಯಾರನ್ನೋ ಬಿಡಲು ಬಂದ ಅಂಕಲ್ ಎಂದುಕೊಂಡು ಜಾಗ ಬಿಟ್ಟರು. ಅಪ್ಪ ದೀಪಕ್‌ನ ಹಳೆಯ ಚರ್ಮದ ಜಾಕೆಟ್ಟಿನ ಗುಂಡಿ ಹಾಕಿಕೊಳ್ಳಲಾಗದೆ ಉಸಿರು ಹಿಡಿದು ನಿಂತಿದ್ದರು. ಆದರೂ ಎಲ್ಲವನ್ನೂ ಕ್ರಮವಾಗಿ ನೋಡಿದರು. ಟೈರು ಒತ್ತಿದರು, ಚೈನು ಎಳೆದರು, ಬ್ರೇಕಿನ ಲಿವರ್ ಹಿಡಿದರು. ಲಿವರ್ ಗಟ್ಟಿಯಾಗಿಯೇ ಇತ್ತು. ಎಣ್ಣೆ ಸವರಿದರೆ ಲಿವರ್ ಏನೂ ಹೇಳುವುದಿಲ್ಲ, ಹಿಡಿತ ಮಾತ್ರ ಇರುವುದಿಲ್ಲ. ಮೊದಲ ಸುತ್ತು ನಿಧಾನವಾಗಿ ಹೋಗಬೇಕೆಂದು ಅಲ್ಲಿ ಕಲಿಸುತ್ತಿದ್ದವನು ಹೇಳಿದ್ದ. ನಿಧಾನ ಎಂದರೆ ಅಪ್ಪನಿಗೆ ನಿಧಾನವೇ, ಆ ಸ್ವಭಾವವೇ ಅವತ್ತು ಅವರನ್ನು ಉಳಿಸಿತು. ಮೊದಲ ತಿರುವು ನಮ್ಮ ಎದುರಿಗೇ ಇತ್ತು. ಮಿಕ್ಕವರೆಲ್ಲ ಬಾಗಿ ತಿರುಗಿದರು. ಅಪ್ಪ ತಿರುಗಲಿಲ್ಲ. ನೆಟ್ಟಗೆ, ಬೆನ್ನು ಸೆಟೆದುಕೊಂಡು, ಹುಲ್ಲಿನ ಮೇಲೆ ಹಾದು, ಗೋಡೆಯಂತೆ ಪೇರಿಸಿಟ್ಟಿದ್ದ ಹಳೆಯ ಟೈರುಗಳೊಳಗೆ ಹೊಕ್ಕರು.

ಓಡಿದ್ದು ಯಾರು ಮೊದಲು ಎಂದು ನೆನಪಿಲ್ಲ. ನಾವು ತಲುಪುವ ಹೊತ್ತಿಗೆ ಅಪ್ಪ ಎದ್ದು ಕೂತು ಹೆಲ್ಮೆಟ್ ತೆಗೆದಿದ್ದರು. ಮೊಣಕೈ ತರಚಿತ್ತು, ಮೊಣಕಾಲು ಆಗಲೇ ಊದತೊಡಗಿತ್ತು. ಕಲಿಸುವ ಹುಡುಗ ಬೈಕನ್ನೆತ್ತಿ ಡಿಸ್ಕನ್ನು ಬೆರಳಿನಿಂದ ಮುಟ್ಟಿದ. ಬೆರಳನ್ನು ಮೂಗಿಗೆ ಹಿಡಿದ. ಮತ್ತೊಮ್ಮೆ ಹಿಡಿದ.

"ಅಂಕಲ್, ಯೇ ತೋ ನಾರಿಯಲ್ ಕಾ ತೇಲ್ ಹೈ. ಕಿಸ್‌ನೇ ಲಗಾಯಾ?"

"ಮೈಂನೇ" ಎಂದರು ಅಪ್ಪ, ಕ್ಷಣವೂ ತಡಮಾಡದೆ. "ಗಲತೀ ಸೇ."

ತಪ್ಪಿ ತಾನೇ ಹಚ್ಚಿದ್ದು ಎಂದುಬಿಟ್ಟರು, ಆದರೆ ಕೊಬ್ಬರಿ ಎಣ್ಣೆಯ ವಿಷಯ ಅವರಿಗೆ ಗೊತ್ತಾದದ್ದೇ ಆಗ. ಯಾರು ಹಚ್ಚಿರಬಹುದೆಂಬುದೂ ಆಗಲೇ ಗೊತ್ತಾಗಿರಬೇಕು. ಅಮ್ಮ ಬಿಳಚಿಕೊಂಡು ನಿಂತಿದ್ದಳು.

"ಅವರಲ್ಲ, ನಾನು ಹಚ್ಚಿದ್ದು" ಎಂದು ಕನ್ನಡದಲ್ಲೇ ಆ ಹುಡುಗನಿಗೆ ಹೇಳಿದಳು. ಮತ್ತೆ ಅಪ್ಪನ ಕಡೆ ತಿರುಗಿ, "ನಿಮಗೇನೂ ಆಗ್ಬಾರ್ದು ಅಂತಲೇರೀ ಹಚ್ಚಿದ್ದು" ಎಂದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವರಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದುದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ಮಾರ್ಚಿನಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದೆಲ್ಲ ಹಿಂದಿಯಲ್ಲಿ ಹೊರಬಂತು.

"ಪಾಪಾ, ಆಪ್ ಮರ್ ಗಯೇ ತೋ ಹಮ್ ಕಹಾಂ ರಹೇಂಗೇ?"

ಸತ್ತರೆ ನಾವೆಲ್ಲಿರೋದು ಎಂದು ಅಪ್ಪನ ಮುಖಕ್ಕೇ ಕೇಳಿಬಿಟ್ಟಿದ್ದೆ. ಸುತ್ತ ನಿಂತಿದ್ದ ಹುಡುಗರು ಎಲ್ಲೆಲ್ಲೋ ನೋಡಿದರು. ಬೇರೆ ಯಾವ ತಂದೆಯಾದರೂ, ನನಗೇನೂ ಆಗಲ್ಲ ಎಂದು ತಲೆ ಸವರುತ್ತಿದ್ದರು. ಸೆಕ್ಷನ್ ಆಫೀಸರರು ಪ್ರಶ್ನೆಗೆ ಉತ್ತರ ಕೊಟ್ಟರು.

"ಕೂಡಲೇ ಖಾಲಿ ಮಾಡ್ಸೋಲ್ಲ ಪುಟ್ಟಿ. ಸಮಯ ಕೊಡ್ತಾರೆ. ಅರ್ಜಿ ಹಾಕಿದ್ರೆ ಇನ್ನೂ ಸ್ವಲ್ಪ ಕೊಡ್ತಾರೆ. ಅಮ್ಮಂಗೆ ಅನುಕಂಪದ ಮೇಲೆ ಕೆಲಸಕ್ಕೂ ಕೇಳ್ಬಹುದು. ನಾಯರ್ ಅವರ ಮನೆಯವರು ಅದಕ್ಕೆ ಅರ್ಜೀನೇ ಹಾಕ್ಲಿಲ್ಲ, ಊರಿಗೆ ಹೋಗೋದೇ ಮೇಲು ಅಂದ್ರು. ನಾನು ಎಲ್ಲ ವಿಚಾರಿಸಿದೀನಿ."

ಎಲ್ಲ ವಿಚಾರಿಸಿದ್ದರಂತೆ. ನಾನು ರಾತ್ರಿಯೆಲ್ಲ ಕಣ್ಣುಬಿಟ್ಟುಕೊಂಡು ಹೆದರಿದ್ದನ್ನು ಅವರು ಆಫೀಸಿನ ವೇಳೆಯಲ್ಲಿ ವಿಚಾರಿಸಿ ಮುಗಿಸಿದ್ದರು. ನನಗೆ ಅಳುವುದೋ ಕೈಗೆ ಸಿಕ್ಕಿದ್ದನ್ನು ಎಸೆಯುವುದೋ ತಿಳಿಯಲಿಲ್ಲ.

"ಮಗು ಕೇಳ್ತಿರೋದು ಅದಲ್ಲರೀ" ಎಂದಳು ಅಮ್ಮ.

ಅಪ್ಪ, ಸಾಕು, ಮನೆಗೆ ಹೋಗೋಣ ಎಂದು ಜಾಕೆಟ್ಟು ಬಿಚ್ಚತೊಡಗಿದರು. ಬಿಚ್ಚಲು ಬಿಡದವಳು ಅಮ್ಮ. ಇದನ್ನು ನೆನೆದರೆ ನನಗೆ ಇವತ್ತಿಗೂ ಆಶ್ಚರ್ಯ, ಇವತ್ತಿಗೂ ಸಿಟ್ಟು. ಒಂದು ವರ್ಷ ಬಸ್ಸಿನಲ್ಲಿ ಜೋತಾಡಿದವಳು, ಪರಾತ ಕಳೆದುಕೊಂಡವಳು, ಆಗಷ್ಟೇ ಜೀವ ಹೋಗಿ ಬಂದವಳು ಹೇಳುವ ಮಾತೇ ಅದು?

"ನನ್ನ ಎಣ್ಣೆಯಿಂದ ನಿಮ್ಮ ವರ್ಷದ ಕೆಲಸ ಮಣ್ಣುಪಾಲಾಗೋದು ಬೇಡ. ಸರಿ ಮಾಡಿಸ್ಕೊಂಡು ಒಂದ್ಸಲ ನೆಟ್ಟಗೆ ಸುತ್ತಿ ಬನ್ನಿ. ಆಮೇಲೆ ನನ್ನ ಸೀರೆ ಗಾರ್ಡು ಹಾಕಿ."

ಡಿಸ್ಕನ್ನು ಕಚ್ಚಿ ಹಿಡಿಯುವ ನಮ್ಮ ಬ್ರೇಕ್ ಪ್ಯಾಡುಗಳು ಎಣ್ಣೆ ಕುಡಿದಿದ್ದರಿಂದ ದೀಪಕ್ ತನ್ನ ಬೈಕಿನವನ್ನೇ ಬಿಚ್ಚಿಕೊಟ್ಟ. ಡಿಸ್ಕನ್ನು ಪೆಟ್ರೋಲಿನಲ್ಲಿ ತೊಳೆದು, ಮರಳುಕಾಗದದಿಂದ ಉಜ್ಜಿ, ಮತ್ತೆ ತೊಳೆದರು. ಬಾಗಿದ ಹ್ಯಾಂಡಲನ್ನು ಇಬ್ಬರು ಹಿಡಿದು ನೆಟ್ಟಗೆ ಮಾಡಿದರು. ಎಲ್ಲ ಮುಗಿದ ಮೇಲೆ ಅಪ್ಪ ಕುಂಟುತ್ತ ನನ್ನ ಹತ್ತಿರ ಬಂದರು.

"ಬ್ರೇಕು ನೀನು ನೋಡು ಪುಟ್ಟಿ. ನೀನು ಸರಿ ಅಂದ್ರೆ ಹೋಗ್ತೀನಿ, ಇಲ್ಲ ಅಂದ್ರೆ ಟೆಂಪೋ ಹತ್ತಿಸ್ತೀನಿ."

ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಯಾರೂ ಮಾಡಿಲ್ಲ. ಅಪ್ಪ ಬೈಕನ್ನು ಹಿಂದಿನಿಂದ ತಳ್ಳಿದರು, ನಾನು ಪಕ್ಕದಲ್ಲಿ ಓಡುತ್ತ ಲಿವರ್ ಹಿಡಿದೆ. ಚಕ್ರ ಕಚ್ಚಿ ನಿಂತಿತು, ಹಿಂಭಾಗ ಸ್ವಲ್ಪ ಮೇಲೆದ್ದಿತು. ಮತ್ತೆ ತಳ್ಳಿಸಿದೆ. ಮತ್ತೆ ನಿಂತಿತು. ಎಷ್ಟು ಸಲ ತಳ್ಳಿಸಿದೆನೋ, ಅಪ್ಪ ಆ ಮೊಣಕಾಲಿನಲ್ಲಿ ಬೇಸರಿಸದೆ ತಳ್ಳಿದರು. ಬ್ರೇಕು ಸರಿಯಾಗಿತ್ತು. ಇಲ್ಲ ಎಂದರೆ ಸುಳ್ಳಾಗುತ್ತಿತ್ತು. ಅಪ್ಪನಿಗೆ ಸುಳ್ಳು ಹೇಳಿದರೆ ಅವರು ನಂಬಿಬಿಡುತ್ತಾರೆ, ಕಷ್ಟ ಅದೇ.

"ಸರಿ ಇದೆ" ಎಂದೆ. ಕನ್ನಡದಲ್ಲಿ, ಅಳುತ್ತ.

ಅಪ್ಪ ಸುತ್ತು ಹಾಕಿದರು. ಎಲ್ಲ ಹುಡುಗರೂ ಅವರನ್ನು ದಾಟಿಕೊಂಡು ಹೋದರು, ಒಬ್ಬನಂತೂ ಎರಡು ಸಲ ದಾಟಿದ. ಬಾಗಬೇಕಾದ ತಿರುವುಗಳಲ್ಲಿ ಅವರು ಒಂದಿಷ್ಟು ಬಾಗಿದರು, ಹೆಚ್ಚೇನಲ್ಲ. ಪ್ರತಿ ತಿರುವಿಗೆ ಮೊದಲು ನನ್ನ ಬಲಗೈ ತಾನಾಗಿ ಮುಷ್ಟಿಯಾಗುತ್ತಿತ್ತು, ಲಿವರ್ ನನ್ನ ಕೈಯಲ್ಲೇ ಇದ್ದ ಹಾಗೆ. ಅವರು ಬಂದು ಹೆಲ್ಮೆಟ್ ತೆಗೆದಾಗ ಮುಖದಲ್ಲಿದ್ದ ಆ ಕಳೆಯನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಮೊಸರನ್ನ ಬಡಿಸಿಕೊಂಡು ತಿಂದರು. ದೀಪಾವಳಿ ಕಳೆಯುವುದರೊಳಗೆ ಟ್ರಂಕಿನ ಸಾಮಾನೆಲ್ಲ ತಿರುಗಿ ಬೈಕಿಗೆ ಬಂತು. ಸೀರೆ ಗಾರ್ಡು ಎಲ್ಲಕ್ಕಿಂತ ಮೊದಲು.

ಅಪ್ಪನಿಗೆ ಏನೂ ಆಗಲಿಲ್ಲ. ಅರವತ್ತು ತುಂಬಿ ಹಾರ ಹಾಕಿಸಿಕೊಂಡು ನಿವೃತ್ತರಾದರು, ಮನೆಯ ಬೀಗದ ಕೈಯನ್ನು ಅವರೇ ಹೋಗಿ ಒಪ್ಪಿಸಿ ರಸೀದಿ ತಂದರು. ಆ ಕ್ವಾರ್ಟರ್ಸುಗಳನ್ನು ಈಗ ಕೆಡವಿ ಎತ್ತರದ ಕಟ್ಟಡಗಳನ್ನು ಎಬ್ಬಿಸುತ್ತಿದ್ದಾರೆ. ನಾನು ಕೆಲಸಕ್ಕೆ ಸೇರಿದವಳು ಮದುವೆಗೂ ಮೊದಲು, ಯಾರು ಏನೇ ಅಂದರೂ ಕೇಳದೆ, ದ್ವಾರಕಾದಲ್ಲಿ ನನ್ನ ಹೆಸರಿಗೆ ಒಂದು ಫ್ಲ್ಯಾಟು ಮಾಡಿಕೊಂಡೆ. ಬಾಗಿಲಿನ ಫಲಕದಲ್ಲಿ ನನ್ನ ಹೆಸರೊಂದೇ ಇದೆ. ಅಪ್ಪ ಅಮ್ಮ ನನ್ನ ಜೊತೆಗೇ ಇದ್ದಾರೆ, ಬೈಕೂ ಬಂದು ಬೇಸ್‌ಮೆಂಟಿನಲ್ಲಿ ನಿಂತಿದೆ. ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ದೆಹಲಿಯ ರಸ್ತೆಗೆ ಇಳಿಯುವಂತಿಲ್ಲ ಎಂದಾದ ಮೇಲೆ ಅಪ್ಪ ಅದನ್ನು ಒಂದಡಿಯೂ ಹೊರಗೆ ತೆಗೆದಿಲ್ಲ. ನಿಯಮ ಅಂದರೆ ನಿಯಮ. ಹೋದ ವರ್ಷ ನವರಾತ್ರಿಯ ಹೊತ್ತಿಗೆ ಕಾಫಿ ಕುಡಿಯುತ್ತ, ಅದೇ ಆಫೀಸಿನ ದನಿಯಲ್ಲಿ ಶುರುಮಾಡಿದರು.

"ರಸ್ತೇಲಂತೂ ಓಡ್ಸೋ ಹಾಗಿಲ್ಲ. ಟ್ರ್ಯಾಕಿಗೆ ಆ ನಿಯಮ ಬರಲ್ಲ, ವಿಚಾರಿಸಿದೀನಿ."

"ಅಪ್ಪಾ, ನಿಮಗೆಷ್ಟು ವಯಸ್ಸು ಈಗ?"

"ಈಗ ಮನೆ ನಿನ್ನ ಹೆಸರಲ್ಲೇ ಇದೆಯಲ್ಲ ಪುಟ್ಟಿ. ನಾನು ಬಿದ್ರೂ ಯಾರೂ ಖಾಲಿ ಮಾಡ್ಸೋಲ್ಲ."

ಅವರು ನನಗೆ ಧೈರ್ಯ ಹೇಳುತ್ತಿದ್ದರು. ನನ್ನ ಆ ಒಂದು ಪ್ರಶ್ನೆಯನ್ನು ಇಷ್ಟು ವರ್ಷ ಬಾಕಿಯಿಟ್ಟುಕೊಂಡು, ಆಕ್ಷೇಪಣೆ ತೀರಿತು ಎಂದು ಈಗ ಮಂಡಿಸುತ್ತಿದ್ದರು. ನನಗೆ ಟೈರಿನ ಗೋಡೆಯ ಮುಂದೆ ಬಂದಿದ್ದ ಅದೇ ಸಿಟ್ಟು ಬಂತು, ಅಷ್ಟೇ ಬಿಸಿಯಾಗಿ. ಬಲಗೈ ಮುಷ್ಟಿ ಕಟ್ಟಿತು. ಮನೆ ನನ್ನದು, ಗೋಡೆ ನನ್ನದು, ಯಾವ ಲಾರಿಯೂ ಬರುವುದಿಲ್ಲ. ಆದರೂ ಹೆದರಿಕೆ ಒಂದು ಕೂದಲಿನಷ್ಟೂ ಕಡಿಮೆಯಾಗಿರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ನಾನು ಹೆದರಿದ್ದು ಮನೆಗಲ್ಲ ಎಂಬುದು ಮನೆ ಕೊಂಡ ಮೇಲೆ ತಿಳಿಯಿತು. ಅಮ್ಮನಿಗೆ ಅದು ಅವತ್ತೇ ತಿಳಿದಿತ್ತು.

"ಹೋಗೋದಾದ್ರೆ ನಾನೂ ಬರ್ತೀನಿ" ಎಂದೆ. "ಬ್ರೇಕು ನಾನು ನೋಡಿ ಸರಿ ಅಂದ್ರೆ ಮಾತ್ರ."

ಅಪ್ಪ ಇದಕ್ಕೂ ತಯಾರಾಗಿದ್ದವರಂತೆ ತಲೆಯಾಡಿಸಿ ಕಾಫಿ ಮುಗಿಸಿದರು. ಅಡುಗೆಮನೆಯಲ್ಲಿ ಅಮ್ಮ ಆಗಲೇ ಈಳಿಗೆಮಣೆ ತೊಳೆಯತೊಡಗಿದ್ದಳು. ಅವಳು ಅತ್ತ ತಿರುಗಿದ್ದಾಗ ನಾನು ತಿಪಟೂರಿನ ಎಣ್ಣೆಯ ಬಾಟಲಿಯನ್ನು ಎತ್ತಿಕೊಂಡು ಹೋಗಿ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ.